ಅರಮನೆಯ ಬಾಣಲೆಯಿಂದ ಬೀದಿಯ ಅಂಗಡಿಗೆ: ಕಾಕಾಸುರ ಮಾದಪ್ಪ

ಮಕ್ಕಳೇ, ಕೋಲಾರದ ಬಸ್ ನಿಲ್ದಾಣದ ಬಳಿಯಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪೇಟೆ ಬೀದಿಯಲ್ಲಾಗಲಿ ಸಿಹಿ ತಿಂಡಿ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ಇಣುಕಿ ನೋಡಿದ್ದೀರಾ? ಲಾಡು, ಜಿಲೇಬಿ, ಜಹಾಂಗೀರುಗಳ ಪಕ್ಕದಲ್ಲಿ ಇಟ್ಟಿಗೆಗಳಂತೆ ಜೋಡಿಸಿಟ್ಟ ಹಳದಿ ತುಂಡುಗಳು ಇದ್ದೇ ಇರುತ್ತವೆ. ಇಟ್ಟಿಗೆ, ಹೆಂಚುಗಳ ಊರಾದ ಮಾಲೂರಿನ ಮಕ್ಕಳಿಗೆ ಈ ಹೋಲಿಕೆ ಬೇಗ ಅರ್ಥವಾದೀತು. ಈ ತುಂಡನ್ನು ಮುರಿದರೆ ಒಳಗೆಲ್ಲ ಸಣ್ಣ ಸಣ್ಣ ತೂತುಗಳು. ನಡುವೆ ಬಣ್ಣ ಸ್ವಲ್ಪ ಕಂದು, ಅಂಚಿನಲ್ಲಿ ಹಳದಿ. ಬಾಯಿಗೆ ಹಾಕಿದರೆ ಗರಗರ ಎಂದು ಪುಡಿಯಾಗಿ ಕರಗುತ್ತದೆ. ಹೌದು, ಇದೇ ಮೈಸೂರು ಪಾಕ್.

ಹೋಳಿಗೆಯನ್ನು ಮೊದಲು ಮಾಡಿದವರು ಯಾರು? ಚಕ್ಕುಲಿಯನ್ನು? ಇಂಥ ಪ್ರಶ್ನೆಗೆ ಯಾರೂ ಉತ್ತರ ಹೇಳಲಾರರು. ಆದರೆ ಮೈಸೂರು ಪಾಕಿಗೆ ಒಬ್ಬ ಮನುಷ್ಯನ ಹೆಸರು ಅಂಟಿಕೊಂಡಿದೆ. ಅವರೇ ಮೈಸೂರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ. ಅವರು ರಾಜನೂ ಅಲ್ಲ, ದಿವಾನನೂ ಅಲ್ಲ. ಒಲೆಯ ಮುಂದೆ ನಿಂತು ದುಡಿದವರು. ಅವರ ಬದುಕನ್ನು ತಿಳಿಯುತ್ತ, ಅವರ ಬಾಣಲೆಯೊಳಗೆ ನಡೆದ ವಿಜ್ಞಾನವನ್ನೂ ನೋಡೋಣ ಬನ್ನಿ.

ಹೊಸ ಅರಮನೆ, ದೊಡ್ಡ ಅಡುಗೆಮನೆ

ಮಾದಪ್ಪನವರು ಕೆಲಸ ಮಾಡಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ನಾಲ್ವಡಿಯವರು ಹುಟ್ಟಿದ್ದು 1884ರಲ್ಲಿ. ತಂದೆ ತೀರಿಕೊಂಡಾಗ ಅವರಿನ್ನೂ ಹತ್ತು ವರ್ಷದ ಬಾಲಕ. ಅವರು ದೊಡ್ಡವರಾಗುವವರೆಗೆ ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜ್ಯವನ್ನು ನೋಡಿಕೊಂಡರು. 1902ರಲ್ಲಿ ಅಧಿಕಾರ ವಹಿಸಿಕೊಂಡ ನಾಲ್ವಡಿಯವರು 1940ರಲ್ಲಿ ತೀರಿಕೊಳ್ಳುವವರೆಗೂ ಆಳಿದರು. ನಮ್ಮ ಕೋಲಾರ ಸೀಮೆಯೂ ಆಗ ಅವರ ಮೈಸೂರು ರಾಜ್ಯಕ್ಕೇ ಸೇರಿತ್ತು. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು ಮೊದಲು ಹರಿದು ಬಂದದ್ದು ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ. 1902ರಲ್ಲಿ ಅದು ಬಂದದ್ದು ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ! ಇದು ಅಡುಗೆಯ ಮಾತಲ್ಲ, ಆದರೂ ನಮ್ಮ ಜಿಲ್ಲೆಯ ಮಕ್ಕಳು ತಿಳಿದಿರಬೇಕಾದ ಮಾತು.

ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅದೇ ಜಾಗದಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ ಬಳಸಿ ಈಗ ನಾವು ನೋಡುವ ಅಂಬಾವಿಲಾಸ ಅರಮನೆಯನ್ನು ಕಟ್ಟಿದರು. ಅದು ಮುಗಿದದ್ದು 1912ರಲ್ಲಿ. ಇಂಥ ಅರಮನೆಯಲ್ಲಿ ಅಡುಗೆಯೆಂದರೆ ಮನೆಮಂದಿಗೆ ಮಾತ್ರವಲ್ಲ. ಬಂದುಹೋಗುವ ಅತಿಥಿಗಳು ಎಷ್ಟೋ ಜನ. ದಸರಾ ಬಂತೆಂದರೆ ಬೇರೆ ಸಂಸ್ಥಾನದವರು, ಬ್ರಿಟಿಷ್ ಅಧಿಕಾರಿಗಳು ಎಲ್ಲರೂ ಸೇರುತ್ತಿದ್ದರು. ನಾಲ್ವಡಿಯವರಿಗೆ ಬಗೆಬಗೆಯ ಊಟವೆಂದರೆ ಇಷ್ಟವಂತೆ. ಅಂಥ ಪಾಕಶಾಲೆಯಲ್ಲಿ ಮಾದಪ್ಪನವರು ಮುಖ್ಯ ಅಡುಗೆಯವರಾಗಿದ್ದರು.

ಖಾಲಿ ಉಳಿದ ಜಾಗ

ಮುಂದಿನದು ಮಾದಪ್ಪನವರ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿರುವ ಸಂಗತಿ.

ಒಂದು ದಿನ ಮಹಾರಾಜರ ಮಧ್ಯಾಹ್ನದ ಊಟ ಸಿದ್ಧವಾಗಿತ್ತು. ಪಲ್ಯ, ಸಾರು, ಅನ್ನ ಎಲ್ಲವೂ ಇತ್ತು. ಸಿಹಿ ಇಡುವ ಜಾಗ ಮಾತ್ರ ಖಾಲಿ. ಊಟದ ಹೊತ್ತು ಹತ್ತಿರ ಬಂದಿದೆ. ಏನು ಮಾಡುವುದು? ಹಾಲನ್ನು ಬತ್ತಿಸಿ ಖೋವಾ ಮಾಡೋಣವೆಂದರೆ ಗಂಟೆಗಟ್ಟಲೆ ಬೇಕು. ಲಾಡು ಕಟ್ಟಬೇಕೆಂದರೆ ಮೊದಲು ಬೂಂದಿ ಕರಿಯಬೇಕು, ಅದನ್ನು ಪಾಕದಲ್ಲಿ ನೆನೆಸಬೇಕು. ಮಾದಪ್ಪನವರು ಕೈಗೆ ಸಿಕ್ಕ ಮೂರೇ ಸಾಮಾನು ತೆಗೆದುಕೊಂಡರು: ಕಡಲೆಹಿಟ್ಟು, ಸಕ್ಕರೆ, ತುಪ್ಪ. ಬಾಣಲೆ ಒಲೆಗೇರಿತು. ಸಕ್ಕರೆ ಪಾಕಕ್ಕೆ ಹಿಟ್ಟು ಬಿತ್ತು, ಕಾದ ತುಪ್ಪ ಬಿತ್ತು. ಉಬ್ಬಿ ಬಂದದ್ದನ್ನು ತಟ್ಟೆಗೆ ಸುರಿದರು. ಮಹಾರಾಜರ ಊಟ ಮುಗಿಯುತ್ತ ಬರುವಷ್ಟರಲ್ಲಿ ಅದು ಗಟ್ಟಿಯಾಗಿ ತುಂಡಾಗಿತ್ತು. ತಿಂದ ಮಹಾರಾಜರಿಗೆ ಬಹಳ ಹಿಡಿಸಿತು. ಇನ್ನೊಂದು ತರಿಸಿಕೊಂಡರು. ಇದರ ಹೆಸರೇನೆಂದು ಕೇಳಿದರು. ಹೆಸರಿಡುವಷ್ಟು ಪುರುಸೊತ್ತು ಮಾದಪ್ಪನವರಿಗೆ ಎಲ್ಲಿತ್ತು? ಮಾಡಿದ ಊರು ಮೈಸೂರು, ಮಾಡಿದ್ದು ಪಾಕದಿಂದ. ಹೊಳೆದದ್ದನ್ನು ಜೋಡಿಸಿ ಮೈಸೂರು ಪಾಕ ಎಂದುಬಿಟ್ಟರು.

ಬಾಯಿಂದ ಬಾಯಿಗೆ ಬಂದ ಕಥೆಯನ್ನು ಹಾಗೆಯೇ ನಂಬಬೇಕೇ? ವಿಜ್ಞಾನ ಓದುವ ನಾವು ಒಂದು ಕೆಲಸ ಮಾಡಬಹುದು. ಕಥೆಯಲ್ಲಿ ಪರೀಕ್ಷಿಸಲು ಬರುವ ಭಾಗ ಯಾವುದು ಎಂದು ಹುಡುಕಬಹುದು. ಊಟ ಮುಗಿಯುವುದರೊಳಗೆ ಒಂದು ಸಿಹಿ ತಯಾರಾಗಿ ಗಟ್ಟಿಯಾಗಲು ಸಾಧ್ಯವೇ? ಮನೆಯಲ್ಲಿ ಮೈಸೂರು ಪಾಕ್ ಮಾಡುವವರನ್ನು ಕೇಳಿ. ಒಲೆಯ ಮೇಲಿನ ಕೆಲಸ ಅರ್ಧ ಗಂಟೆಯ ಆಸುಪಾಸು. ತಟ್ಟೆಗೆ ಸುರಿದ ಮೇಲೆ ಸ್ವಲ್ಪ ಹೊತ್ತಿಗೇ ಕತ್ತರಿಸಬೇಕು, ತಡಮಾಡಿದರೆ ಚಾಕು ಇಳಿಯದು. ಹಾಗಾದರೆ ಕಥೆಯ ಈ ಭಾಗ ಸರಿಹೊಂದುತ್ತದೆ! ಇಷ್ಟು ಬೇಗ ಗಟ್ಟಿಯಾಗುವುದು ಹೇಗೆ ಎಂಬುದೇ ಮುಂದಿನ ಪ್ರಶ್ನೆ.

ಬಾಣಲೆಯೊಳಗಿನ ವಿಜ್ಞಾನ

ಮೊದಲು ಸಕ್ಕರೆ ಪಾಕವನ್ನು ನೋಡೋಣ. ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಕುದಿಯುವ ಬಿಸಿಯಲ್ಲಾದರೆ 480 ಗ್ರಾಂಗೂ ಹೆಚ್ಚು ಕರಗುತ್ತದೆ. ಅಂದರೆ ಬಿಸಿ ನೀರು ಹಿಡಿದಿಟ್ಟುಕೊಳ್ಳುವಷ್ಟು ಸಕ್ಕರೆಯನ್ನು ತಣ್ಣನೆಯ ನೀರು ಹಿಡಿದಿಡಲಾರದು. ಬಿಸಿ ಪಾಕ ತಣ್ಣಗಾದಾಗ ಹೆಚ್ಚಾದ ಸಕ್ಕರೆ ಏನಾಗಬೇಕು? ಮತ್ತೆ ಹರಳಾಗಿ ಹೊರಬರಬೇಕು. ಕಲ್ಲುಸಕ್ಕರೆ ಆಗುವುದು ಹೀಗೆಯೇ.

ಶುದ್ಧ ನೀರು ಸಮುದ್ರ ಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸಕ್ಕರೆ ಬೆರೆತ ನೀರು ಕುದಿಯಲು ಅದಕ್ಕಿಂತ ಹೆಚ್ಚು ಬಿಸಿ ಬೇಕು. ನೀರು ಆವಿಯಾಗುತ್ತ ಹೋದಂತೆ ಪಾಕ ಗಟ್ಟಿಯಾಗುತ್ತದೆ, ಕುದಿಯುವ ಬಿಸಿಯೂ ಏರುತ್ತ ಹೋಗುತ್ತದೆ. ಒಂದೆಳೆ ಪಾಕ ಬರುವುದು ಸುಮಾರು 105ರಿಂದ 110 ಡಿಗ್ರಿಯಲ್ಲಿ. ಇಂದಿನ ಕಾರ್ಖಾನೆಗಳಲ್ಲಿ ಇದನ್ನು ಉಷ್ಣತಾಮಾಪಕ ಇಟ್ಟು ನೋಡುತ್ತಾರೆ. ಮಾದಪ್ಪನವರಂಥ ಬಾಣಸಿಗರಿಗೆ ಬೆರಳುಗಳೇ ಉಷ್ಣತಾಮಾಪಕ. ಸೌಟಿನಿಂದ ಒಂದು ತೊಟ್ಟು ಪಾಕ ತೆಗೆದು, ಆರಿಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಎಳೆದರೆ ದಾರದಂತೆ ಎಳೆ ಬರಬೇಕು. ಎಳೆ ಬರದಿದ್ದರೆ ನೀರು ಹೆಚ್ಚಿದೆ, ಸಿಹಿ ಗಟ್ಟಿಯಾಗದೆ ಮುದ್ದೆಯಾಗಿ ಉಳಿಯುತ್ತದೆ. ಪಾಕ ಮೀರಿದರೆ ನೀರು ತೀರಾ ಕಡಿಮೆಯಾಗಿ ಸಿಹಿ ಕಲ್ಲಾಗುತ್ತದೆ. ನಿಮ್ಮ ಅಜ್ಜಿ ಹಬ್ಬದ ದಿನ ಒಲೆಯ ಮುಂದೆ ಯಾರನ್ನೂ ಮಾತನಾಡಿಸದೆ ಪಾಕವನ್ನೇ ದಿಟ್ಟಿಸುತ್ತಿರುವುದು ಇದಕ್ಕೇ.

ಇಲ್ಲಿ ಒಂದು ಎಚ್ಚರಿಕೆ. ಎಳೆ ಪಾಕ ಕುದಿಯುವ ನೀರಿಗಿಂತ ಬಿಸಿ, ಮತ್ತು ಅಂಟು. ನೀರು ಬಿದ್ದರೆ ಜಾರಿ ಹೋಗುತ್ತದೆ, ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಈ ಪರೀಕ್ಷೆಯನ್ನು ನೀವು ಖಂಡಿತ ಮಾಡಬಾರದು. ದೊಡ್ಡವರು ಮಾಡುವಾಗ ದೂರ ನಿಂತು ನೋಡಿ.

ಇನ್ನು ಕಡಲೆಹಿಟ್ಟು. ಇದರ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಪ್ರೋಟೀನು. ಉಳಿದುದರಲ್ಲಿ ಬಹುಪಾಲು ಪಿಷ್ಟ. ಬಿಸಿ ಪಾಕದಲ್ಲಿ ಇವೆರಡೂ ಬೆಂದು ಗಟ್ಟಿಯಾಗುತ್ತವೆ. ಹಿಟ್ಟನ್ನು ಗಂಟಾಗದಂತೆ ಕಲಕುತ್ತಲೇ ಇರಬೇಕು.

ನಿಜವಾದ ಚಮತ್ಕಾರ ನಡೆಯುವುದು ತುಪ್ಪ ಸುರಿದಾಗ. ಬೆಣ್ಣೆಯಲ್ಲಿ ನೀರಿನ ಅಂಶ ಇರುತ್ತದೆ. ಬೆಣ್ಣೆ ಕಾಯಿಸುವಾಗ ಚಟಪಟ ಸದ್ದು ಕೇಳಿದ್ದೀರಲ್ಲ, ಅದು ನೀರು ಆವಿಯಾಗಿ ಹೋಗುವ ಸದ್ದು. ಸದ್ದು ನಿಂತ ಮೇಲೆ ಉಳಿಯುವುದು ತುಪ್ಪ, ಅಂದರೆ ಹೆಚ್ಚುಕಡಿಮೆ ಬರೀ ಕೊಬ್ಬು. ನೀರಿಲ್ಲದ್ದರಿಂದ ತುಪ್ಪವನ್ನು 100 ಡಿಗ್ರಿಗಿಂತ ಬಹಳ ಹೆಚ್ಚು ಕಾಯಿಸಬಹುದು. ಹಾಗೆ ಕಾದ ತುಪ್ಪವನ್ನು ಪಾಕ ಮತ್ತು ಹಿಟ್ಟಿನ ಮಿಶ್ರಣಕ್ಕೆ ಹಾಕಿದ ಕ್ಷಣ ಮಿಶ್ರಣದಲ್ಲಿ ಉಳಿದಿದ್ದ ನೀರು ತಟ್ಟನೆ ಆವಿಯಾಗುತ್ತದೆ. ಒಂದು ಚಿಕ್ಕ ಚಮಚದಷ್ಟು, ಅಂದರೆ 5 ಮಿಲಿಲೀಟರ್ ನೀರು ಆವಿಯಾದರೆ ಎಷ್ಟು ಜಾಗ ತುಂಬುತ್ತದೆ ಊಹಿಸಿ. 8 ಲೀಟರಿಗೂ ಹೆಚ್ಚು! ಒಂದು ಸಣ್ಣ ಬಿಂದಿಗೆಯಷ್ಟು ಆವಿ. ಈ ಆವಿ ಹೊರಬರಲು ದಾರಿ ಹುಡುಕುತ್ತ ಮಿಶ್ರಣವನ್ನು ಉಬ್ಬಿಸುತ್ತದೆ, ಎಲ್ಲೆಲ್ಲೂ ಗುಳ್ಳೆ ಏಳಿಸುತ್ತದೆ. ಅದೇ ಹೊತ್ತಿಗೆ ಹಿಟ್ಟು ಬೆಂದು ಗುಳ್ಳೆಗಳ ಸುತ್ತ ಗೋಡೆಯಂತೆ ನಿಲ್ಲುತ್ತದೆ. ತಟ್ಟೆಗೆ ಸುರಿದ ಮೇಲೆ ಸಕ್ಕರೆ ಹರಳಾಗಿ ಆ ಗೋಡೆಗಳನ್ನು ಬಿಗಿ ಮಾಡುತ್ತದೆ. ಗುಳ್ಳೆ ಹೋದರೂ ಅದರ ಗೂಡು ಉಳಿಯುತ್ತದೆ. ನೀವು ನೋಡುವ ತೂತುಗಳು ಇವೇ.

ಹಾಗಾದರೆ ನಡುವಿನ ಕಂದು ಬಣ್ಣ? ತಟ್ಟೆಯಲ್ಲಿರುವ ಸಿಹಿಯ ಅಂಚು ಗಾಳಿಗೆ, ತಟ್ಟೆಗೆ ತಾಗಿ ಬೇಗ ಆರುತ್ತದೆ. ನಡುಭಾಗ ತುಂಬ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅಲ್ಲಿ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಬಿಸಿಯಲ್ಲಿ ಸೇರಿ ಕಂದು ಬಣ್ಣವನ್ನೂ ಘಮಘಮ ವಾಸನೆಯನ್ನೂ ಕೊಡುತ್ತವೆ. ಬ್ರೆಡ್ಡಿನ ಹೊರಪದರ ಕಂದಾಗುವುದರ, ಹುರಿದ ಕಡಲೆಕಾಯಿ ಘಮ್ಮೆನ್ನುವುದರ ಹಿಂದೆಯೂ ಇದೇ ಕ್ರಿಯೆ ಇದೆ. ಲೂಯಿ ಕಮೀಲ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ವಿವರಿಸಿದ್ದು 1912ರಲ್ಲಿ, ಅಂದರೆ ಮೈಸೂರಿನ ಹೊಸ ಅರಮನೆ ಮುಗಿದ ವರ್ಷ. ಈ ಕ್ರಿಯೆಯ ಹೆಸರು ಗೊತ್ತಿಲ್ಲದೆಯೂ ಅದನ್ನು ಎಲ್ಲಿ ನಿಲ್ಲಿಸಬೇಕು, ಯಾವಾಗ ಬಾಣಲೆ ಇಳಿಸಬೇಕು ಎಂಬುದು ಅಡುಗೆಯವರ ಮೂಗಿಗೆ, ಕಿವಿಗೆ ತಿಳಿದಿತ್ತು.

ಅರಮನೆಯ ಹೊರಗೆ

ರಾಜನಿಗೆ ಇಷ್ಟವಾದ ತಿಂಡಿ ರಾಜನ ತಟ್ಟೆಯಲ್ಲೇ ಉಳಿದುಬಿಟ್ಟಿದ್ದರೆ? ಇಂದು ನಮಗೆ ಅದರ ಹೆಸರೂ ತಿಳಿಯುತ್ತಿರಲಿಲ್ಲ. ಈ ಸಿಹಿ ಊರಿನ ಜನರಿಗೂ ಸಿಗಲಿ ಎಂದು ನಾಲ್ವಡಿಯವರು ಬಯಸಿದರು, ಅರಮನೆಯ ಹೊರಗೆ ಅಂಗಡಿ ತೆರೆಯಲು ಮಾದಪ್ಪನವರಿಗೆ ಹೇಳಿದರು ಎಂದು ಮನೆತನದವರು ನೆನೆಯುತ್ತಾರೆ. ಮಾದಪ್ಪನವರ ಬದುಕಿನ ದೊಡ್ಡ ತಿರುವು ಇದೇ ಎಂದು ನನಗನ್ನಿಸುತ್ತದೆ. ಅರಮನೆಯ ಅಡುಗೆಮನೆಯಲ್ಲಿ ತುಪ್ಪ, ಸಕ್ಕರೆಗೆ ಲೆಕ್ಕ ಇಡುವವರು ಬೇರೆ ಇದ್ದರು. ಅಂಗಡಿಯಲ್ಲಿ ಹಾಗಲ್ಲ. ಒಂದು ಬಾಣಲೆ ಪಾಕ ಕೆಟ್ಟರೆ ಅಷ್ಟೂ ನಷ್ಟ ಅಂಗಡಿಯವರದೇ.

ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಹಳ್ಳಿಗಳ ಮನೆಗಳಲ್ಲಿ ಆಗ ಸಿಹಿ ಎಂದರೆ ಬೆಲ್ಲ. ಬಿಳಿ ಸಕ್ಕರೆ ದುಬಾರಿ. 1920ರ ದಶಕದಲ್ಲಿ ಭಾರತಕ್ಕೆ ಬಹಳಷ್ಟು ಸಕ್ಕರೆ ಹಡಗಿನಲ್ಲಿ ಜಾವಾ ದ್ವೀಪದಿಂದ ಬರುತ್ತಿತ್ತು. ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಯಿತು. ಅದನ್ನು ಮುನ್ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಬಹುಕಾಲ ಕೋಲಾರ ಜಿಲ್ಲೆಯಲ್ಲೇ ಇತ್ತು, 2007ರಲ್ಲಿ ಜಿಲ್ಲೆ ಭಾಗವಾದಾಗ ಚಿಕ್ಕಬಳ್ಳಾಪುರಕ್ಕೆ ಸೇರಿತು. ಅಣೆಕಟ್ಟಿನ ನಾಲೆ ನೀರು ಮಂಡ್ಯದ ಹೊಲಗಳಿಗೆ ಹರಿಯಿತು, ಕಬ್ಬು ಬೆಳೆಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಇದಕ್ಕಾಗಿ ತುಂಬ ದುಡಿದವರು ರಾಜ್ಯದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್. ಅಣೆಕಟ್ಟು, ಕಬ್ಬು, ಕಾರ್ಖಾನೆ ಇವುಗಳಿಂದ ಮೈಸೂರಿನ ಪಕ್ಕದಲ್ಲೇ ಸಕ್ಕರೆ ತಯಾರಾಗುವಂತಾಯಿತು.

ಮಾದಪ್ಪನವರ ತರುವಾಯ ಮಕ್ಕಳು, ಮೊಮ್ಮಕ್ಕಳು ಕಸುಬನ್ನು ಬಿಡಲಿಲ್ಲ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಕಟ್ಟಡದಲ್ಲಿರುವ ಗುರು ಸ್ವೀಟ್ ಮಾರ್ಟ್ ಅವರ ಮನೆತನದ ಅಂಗಡಿ. ಮರಿಮಕ್ಕಳ ಕಾಲದಲ್ಲೂ ಅದು ನಡೆದುಕೊಂಡು ಬಂದಿದೆ. ನೀವು ಶಾಲೆಯ ಪ್ರವಾಸಕ್ಕೆ ಮೈಸೂರಿಗೆ ಹೋದರೆ ನಿಮ್ಮ ಮೇಷ್ಟ್ರನ್ನು ಕೇಳಿ ತೋರಿಸಿಕೊಳ್ಳಿ. ಕೋಲಾರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರವಾದರೂ ಅರಮನೆ ನೋಡಿ ಹಿಂದಿರುಗುವಾಗ ಅಲ್ಲಿಗೆ ನಡೆದೇ ಹೋಗಬಹುದು. ಹತ್ತಿರದ ಕೆ.ಆರ್. ವೃತ್ತದಲ್ಲಿ ನಾಲ್ವಡಿಯವರ ಪ್ರತಿಮೆ ಇದೆ. ವಿಜಯದಶಮಿಯ ಜಂಬೂ ಸವಾರಿ ಸಾಗುವುದೂ ಇದೇ ರಸ್ತೆಯಲ್ಲಿ. ಅಡುಗೆಯವರಿಗೆ ವೃತ್ತದಲ್ಲಿ ಪ್ರತಿಮೆ ಇಲ್ಲ. ಆದರೆ ಅಂಗಡಿಯ ಮುಂದೆ ನಿಂತು ಕೊಳ್ಳುವವರ ಸಾಲು ಇದೆ.

ಗುಟ್ಟಿಲ್ಲದ ಗುಟ್ಟು

ಮೂರೇ ಸಾಮಾನಿನ ತಿಂಡಿಯಲ್ಲಿ ಗುಟ್ಟು ಮುಚ್ಚಿಡುವುದು ಹೇಗೆ? ಒಂದು ಲೋಟ ಹಿಟ್ಟಿಗೆ ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ ಎಂಬ ಲೆಕ್ಕವನ್ನು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಮೈಸೂರು ಪಾಕ್ ಊರೂರಿಗೆ ಹರಡಿತು. ಕೊಯಮತ್ತೂರಿನ ಕಡೆ ತುಪ್ಪ ಹೆಚ್ಚು ಹಾಕಿ, ಗೂಡು ಕಟ್ಟದಂತೆ ಬೆಣ್ಣೆಯಷ್ಟು ಮೆತ್ತಗೆ ಮಾಡುವ ಬಗೆ ಹೆಸರಾಯಿತು. ಇವೆರಡರಲ್ಲಿ ಯಾವುದು ಮೇಲು ಎಂದು ದೊಡ್ಡವರೂ ಜಗಳವಾಡುವುದುಂಟು. ತೂತು ತೂತಾದ ಗಟ್ಟಿ ಪಾಕ್ ನನ್ನ ಆಯ್ಕೆ, ಅದರಲ್ಲಿ ನೋಡಲಿಕ್ಕೂ ಏನಾದರೂ ಇರುತ್ತದೆ! 2023ರಲ್ಲಿ ಟೇಸ್ಟ್ ಅಟ್ಲಾಸ್ ಎಂಬ ಆಹಾರ ಮಾರ್ಗದರ್ಶಿಯು ಪ್ರಪಂಚದ ಬೀದಿ ಬದಿಯ 50 ಒಳ್ಳೆಯ ಸಿಹಿಗಳ ಪಟ್ಟಿಯಲ್ಲಿ ಮೈಸೂರು ಪಾಕಿಗೆ 14ನೆಯ ಸ್ಥಾನ ಕೊಟ್ಟಿತು.

ಹೆಸರಿಗೂ ಒಮ್ಮೆ ಕುತ್ತು ಬಂತು. 2025ರ ಮೇ ತಿಂಗಳಿನಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ಸಂಘರ್ಷ ನಡೆದಾಗ ರಾಜಸ್ಥಾನದ ಜೈಪುರದಲ್ಲಿ ಕೆಲವು ಅಂಗಡಿಯವರು ಪಾಕ್ ಎಂಬ ಸದ್ದೇ ಬೇಡವೆಂದು ಇದನ್ನು ಮೈಸೂರು ಶ್ರೀ ಎಂದು ಕರೆದರು. ಪಾಕ್ ಎಂದರೆ ನಮಗೆ ಪಾಕ, ಸಕ್ಕರೆ ನೀರು ಬೆಂದು ಬಂದ ಪಾಕ. ಪಾಕಶಾಲೆ, ನಳಪಾಕ ಎನ್ನುವಾಗಲೂ ಅದೇ ಪದ. ದೇಶದ ಹೆಸರಿಗೂ ಇದಕ್ಕೂ ಸಂಬಂಧವೇ ಇಲ್ಲ. ಮಾದಪ್ಪನವರ ಮರಿಮಕ್ಕಳು ಹೆಸರು ಬದಲಿಸುವುದನ್ನು ಒಪ್ಪಲಿಲ್ಲ. ತಮ್ಮ ಮುತ್ತಜ್ಜ ಅವಸರದಲ್ಲಿ ಇಟ್ಟ ಹೆಸರೇ ಇರಲಿ ಎಂದರು. ನಮ್ಮ ಜಿಲ್ಲೆಯ ಅಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ ಅದು ಅದೇ ಹೆಸರಿನಲ್ಲೇ ಕುಳಿತಿದೆ.

ಪದಗಳ ಮಾತು ಬಂದದ್ದರಿಂದ ಇನ್ನೊಂದು ಕೇಳಿ. ಇಂಗ್ಲಿಷಿನಲ್ಲಿ ಸಕ್ಕರೆ ಮಿಠಾಯಿಗೆ ಕ್ಯಾಂಡಿ ಎನ್ನುತ್ತಾರಲ್ಲ, ಆ ಪದದ ಬೇರು ನಮ್ಮ ಖಂಡ. ಖಂಡ ಎಂದರೆ ತುಂಡು, ಸಕ್ಕರೆಯ ತುಂಡು. ಖಂಡಸಾರಿ ಸಕ್ಕರೆಯ ಹೆಸರಿನಲ್ಲೂ ಅದಿದೆ. ಅದು ಪರ್ಷಿಯಾ, ಅರೇಬಿಯಾಗಳ ಮೂಲಕ ಯೂರೋಪಿಗೆ ಹೋಗಿ ಕ್ಯಾಂಡಿಯಾಗಿ ನಮ್ಮ ಪೆಟ್ಟಿಗೆ ಅಂಗಡಿಗೆ ಹಿಂದಿರುಗಿ ಬಂದಿದೆ.

ಮಾಡಿ ನೋಡಿ

ಮುಂದಿನ ಹಬ್ಬಕ್ಕೆ ಮೈಸೂರು ಪಾಕ್ ಸಿಕ್ಕಿದಾಗ ಒಮ್ಮೆಲೇ ತಿಂದುಬಿಡಬೇಡಿ. ಒಂದು ತುಂಡನ್ನು ನಡುವೆ ಮುರಿಯಿರಿ. ಶಾಲೆಯ ಭೂತಗನ್ನಡಿ ಹಿಡಿದು ಮುರಿದ ಬದಿಯನ್ನು ನೋಡಿ. ತೂತುಗಳು ದುಂಡಗಿವೆಯೇ, ಒಂದೇ ದಿಕ್ಕಿಗೆ ಎಳೆದಂತೆ ಉದ್ದವಾಗಿವೆಯೇ? ಆವಿ ಯಾವ ಕಡೆಗೆ ಹೋಗಿರಬಹುದು? ಕಂದು ಬಣ್ಣ ಎಲ್ಲಿಂದ ಎಲ್ಲಿಯವರೆಗಿದೆ? ಬೇರೆ ಬೇರೆ ಅಂಗಡಿಯ ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಟ್ ಪುಸ್ತಕದಲ್ಲಿ ಚಿತ್ರ ಬರೆಯಿರಿ. ಒಂದರಲ್ಲಿ ಗೂಡು ದೊಡ್ಡದಾಗಿ, ಇನ್ನೊಂದರಲ್ಲಿ ಚಿಕ್ಕದಾಗಿ ಇದ್ದರೆ ಕಾರಣ ಏನಿರಬಹುದೆಂದು ಗೆಳೆಯರೊಡನೆ ಚರ್ಚಿಸಿ. ಚಿತ್ರ ಬರೆದಾದ ಮೇಲೆ ಎರಡನ್ನೂ ಹಂಚಿಕೊಂಡು ತಿನ್ನಿ.